ಟ್ಯಾಂಕು ತೊರೆದ ಪಡೆ

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಮರುಭೂಮಿಯಲ್ಲಿ ಟ್ವೆಂಟಿನೈನ್ ಪಾಮ್ಸ್ ಎಂಬ ಸೈನಿಕ ನೆಲೆಯೊಂದಿದೆ. 2020ರ ಬೇಸಗೆಯಲ್ಲಿ ಆ ನೆಲೆಯಿಂದ ಟ್ಯಾಂಕುಗಳು ಹೊರಟುಹೋದವು. ಅವು ಯುದ್ಧಕ್ಕೆ ಹೊರಟವುಗಳಲ್ಲ. ಅಮೆರಿಕದ ಮರೀನ್ ದಳವು ತನ್ನ ಟ್ಯಾಂಕುಗಳನ್ನೆಲ್ಲ ಭೂಸೇನೆಯ ವಶಕ್ಕೆ ಒಪ್ಪಿಸಿಬಿಡುತ್ತಿತ್ತು. ಎರಡನೆಯ ಮಹಾಯುದ್ಧದಿಂದ ಮೊದಲುಗೊಂಡು ಇರಾಕಿನ ಬೀದಿಕಾಳಗದವರೆಗೆ ಆ ದಳದ ಕಾಲಾಳುಗಳ ಬೆಂಗಾವಲಾಗಿ ನಡೆದುಬಂದ ಉಕ್ಕಿನ ರಥಗಳು ಅವು. ಸೋತು ತೆತ್ತುದೂ ಅಲ್ಲ, ಬಡತನದಿಂದ ಮಾರಿದುದೂ ಅಲ್ಲ. ಬರಲಿರುವ ಯುದ್ಧದಲ್ಲಿ ಇವು ಕೆಲಸಕ್ಕೆ ಬಾರವೆಂದು ಆ ದಳದ ಮುಖ್ಯಸ್ಥರೇ ತೀರ್ಮಾನಿಸಿ, ಉಳಿಯುವ ಹಣದಿಂದ ಕ್ಷಿಪಣಿಗಳನ್ನು ಕೊಳ್ಳಲು ಹೊರಟಿದ್ದರು. ಈ ತೀರ್ಮಾನ ಎಬ್ಬಿಸಿದ ವಾದವಿವಾದ ಇಂದಿಗೂ ಪೂರ್ತಿಯಾಗಿ ತಣ್ಣಗಾಗಿಲ್ಲ.

ಮರೀನ್ ದಳವೆಂದರೆ ಕಡಲಿನಿಂದ ನೆಲಕ್ಕೆ ಇಳಿದು ಹೋರಾಡುವ ಪಡೆ. ಅದು ನೌಕಾ ಇಲಾಖೆಗೆ ಸೇರಿದುದಾದರೂ ತನ್ನದೇ ಆದ ಕಾಲಾಳುಗಳನ್ನೂ ಫಿರಂಗಿಗಳನ್ನೂ ವಿಮಾನಗಳನ್ನೂ ಇಟ್ಟುಕೊಂಡು ಬಂದಿದೆ. ಭೂಸೇನೆಯೊಂದು ಇರುವಾಗ ಇಂತಹ ಇನ್ನೊಂದು ಸೇನೆಯ ಅಗತ್ಯವೇನು ಎಂಬ ಪ್ರಶ್ನೆ ಆ ದೇಶದಲ್ಲಿ ಮತ್ತೆ ಮತ್ತೆ ಎದ್ದುದುಂಟು. 1949ರ ಅಕ್ಟೋಬರಿನಲ್ಲಿ ಮೂರೂ ಸೇನೆಗಳ ಮುಖ್ಯಸ್ಥರ ಮಂಡಲಿಯ ಅಧ್ಯಕ್ಷರಾಗಿದ್ದ ಜನರಲ್ ಒಮರ್ ಬ್ರಾಡ್ಲಿಯವರು, ಕಡಲ ತೀರದ ಮೇಲೆ ದೊಡ್ಡ ಪ್ರಮಾಣದ ಸೈನ್ಯವನ್ನು ಇಳಿಸುವ ಕಾಲ ಮುಗಿಯಿತೆಂದು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಭವಿಷ್ಯ ನುಡಿದರು. ಒಂದು ವರ್ಷ ತುಂಬುವ ಮೊದಲೇ, 1950ರ ಸೆಪ್ಟೆಂಬರ್ 15ರಂದು, ಕೊರಿಯದ ಇಂಚನ್ ಬಂದರಿನಲ್ಲಿ ಮರೀನರು ಇಳಿದು ಯುದ್ಧದ ಗತಿಯನ್ನೇ ತಿರುಗಿಸಿದರು. 1952ರಲ್ಲಿ ಸಂಸತ್ತು ಕಾನೂನು ಮಾಡಿ, ಈ ದಳದಲ್ಲಿ ಮೂರು ಡಿವಿಜನ್‌ಗಳೂ ಮೂರು ವಿಮಾನ ವಿಭಾಗಗಳೂ ಇರತಕ್ಕದ್ದೆಂದು ವಿಧಿಸಿತು. ದೇಶದ ಉಳಿದ ಬಲವೆಲ್ಲ ಇನ್ನೂ ಸಿದ್ಧವಾಗದಿರುವ ಗಳಿಗೆಯಲ್ಲಿ ಸಿದ್ಧವಾಗಿ ನಿಂತಿರಬೇಕಾದ ಪಡೆ ಇದು ಎಂಬುದೇ ಆ ಕಾನೂನಿನ ಹಿಂದಿದ್ದ ಆಶಯ. ಸೈನ್ಯದ ಭವಿಷ್ಯವನ್ನು ನುಡಿಯುವವರು ಇಂಚನ್ನಿನ ಕಥೆಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಬ್ರಾಡ್ಲಿಯವರು ದಡ್ಡರೇನೂ ಆಗಿರಲಿಲ್ಲ.

2019ರ ಜುಲೈಯಲ್ಲಿ ಜನರಲ್ ಡೇವಿಡ್ ಬರ್ಗರ್ ಅವರು ಮರೀನ್ ದಳದ ದಳಪತಿಯಾದರು. 2020ರ ಮಾರ್ಚಿನಲ್ಲಿ ಅವರು ಪ್ರಕಟಿಸಿದ ಯೋಜನೆಗೆ 'ಫೋರ್ಸ್ ಡಿಸೈನ್ 2030' ಎಂದು ಹೆಸರು. ಮೂರು ಟ್ಯಾಂಕು ಬೆಟಾಲಿಯನ್‌ಗಳಲ್ಲಿ ಒಂದನ್ನೂ ಉಳಿಸಿಕೊಳ್ಳುವುದಿಲ್ಲ. ಎಳೆದೊಯ್ಯುವ ಫಿರಂಗಿಗಳ 21 ಬ್ಯಾಟರಿಗಳನ್ನು 5ಕ್ಕೆ ಇಳಿಸುವುದು. ಕಾಲಾಳು ಬೆಟಾಲಿಯನ್‌ಗಳನ್ನು 24ರಿಂದ 21ಕ್ಕೆ ಇಳಿಸುವುದು. ಸೇತುವೆ ಕಟ್ಟುವ ತುಕಡಿಗಳನ್ನು ಪೂರ್ತಿಯಾಗಿ ಬಿಡುವುದು. ಒಟ್ಟಿನಲ್ಲಿ ಸುಮಾರು 12,000 ಮಂದಿಯಷ್ಟು ದಳವನ್ನು ಕುಗ್ಗಿಸುವುದು. ಇವಕ್ಕೆ ಬದಲಾಗಿ ರಾಕೆಟ್ಟು ಮತ್ತು ಕ್ಷಿಪಣಿಗಳ 7 ಬ್ಯಾಟರಿಗಳನ್ನು 21ಕ್ಕೆ ಏರಿಸುವುದು. ಬೊಕ್ಕಸದಿಂದ ಹೆಚ್ಚಿನ ಹಣವನ್ನು ಕೇಳದೆ, ಹಳೆಯದನ್ನು ಬಿಟ್ಟು ಅದರ ಉಳಿತಾಯದಿಂದಲೇ ಹೊಸದನ್ನು ಕಟ್ಟಬೇಕೆಂಬುದು ಬರ್ಗರ್ ಅವರ ಸಂಕಲ್ಪವಾಗಿತ್ತು. ಸೇನಾಪತಿಗಳಲ್ಲಿ ಇಂತಹ ಮಿತವ್ಯಯ ಅಪರೂಪವೆಂದೇ ಹೇಳಬೇಕು.

ಅವರ ವಾದಕ್ಕೆ ಬಲವಾದ ಆಧಾರವಿತ್ತು. ಪಶ್ಚಿಮ ಪೆಸಿಫಿಕ್ ಸಾಗರದಲ್ಲಿ ಚೀನ ದೇಶವು ದೂರಗಾಮಿ ಕ್ಷಿಪಣಿಗಳನ್ನು ಹೇರಳವಾಗಿ ಕೂಡಿಟ್ಟಿದೆ. ದೊಡ್ಡ ನೌಕೆಗಳಲ್ಲಿ ಸೈನ್ಯವನ್ನು ತುಂಬಿ, ತೀರಕ್ಕೆ ಸಾಲಾಗಿ ತಂದು ಇಳಿಸುವ ಹಳೆಯ ಕ್ರಮ ಅಂತಹ ಕಡಲಿನಲ್ಲಿ ಆತ್ಮಹತ್ಯೆಗೆ ಸಮಾನ. ಆದುದರಿಂದ ಸಣ್ಣ ಸಣ್ಣ ತುಕಡಿಗಳು ಮೊದಲೇ ದ್ವೀಪಗಳಲ್ಲಿ ಚದುರಿ ನಿಂತು, ಅಡಗುತ್ತ, ಜಾಗ ಬದಲಾಯಿಸುತ್ತ, ಹಾದುಹೋಗುವ ಶತ್ರುನೌಕೆಗಳ ಮೇಲೆ ಕ್ಷಿಪಣಿಗಳನ್ನು ಪ್ರಯೋಗಿಸಬೇಕು. ಇದಕ್ಕೆಂದು ಆರಿಸಿಕೊಂಡ ನಾರ್ವೆ ದೇಶದ ಕ್ಷಿಪಣಿಯು 185 ಕಿಲೋಮೀಟರಿಗೂ ದೂರಕ್ಕೆ ಹೋಗಬಲ್ಲದು. ಚಾಲಕನಿಲ್ಲದೆ ದೂರದಿಂದ ನಡೆಸುವ ಸಣ್ಣ ವಾಹನವೊಂದರ ಮೇಲೆ ಎರಡು ಕ್ಷಿಪಣಿಗಳನ್ನು ಹೂಡಬಹುದು. ಆಬ್ರಾಮ್ಸ್ ಟ್ಯಾಂಕಾದರೋ 60 ಟನ್ನಿಗೂ ಮೀರಿದ ಭಾರದ್ದು. ಅದನ್ನು ಹೊರಲು ಹಡಗು ಬೇಕು, ದಡ ಸೇರಿಸಲು ಇನ್ನೊಂದು ವಾಹನ ಬೇಕು, ಅದರ ಇಂಧನದ ಹಸಿವನ್ನು ತಣಿಸಲು ಮತ್ತೊಂದು ಸಾಲು ವಾಹನಗಳು ಬೇಕು. ಕಿರಿದಾದ ದ್ವೀಪದಲ್ಲಿ ಅದು ಹೋಗುವುದಾದರೂ ಎಲ್ಲಿಗೆ?

ಈ ವಿಚಾರ ಹೊಸದೆಂದು ಭಾವಿಸುವಂತಿಲ್ಲ. 1921ರಲ್ಲಿಯೇ ಅರ್ಲ್ ಎಲ್ಲಿಸ್ ಎಂಬ ಮರೀನ್ ಅಧಿಕಾರಿ, ಜಪಾನಿನೊಡನೆ ಯುದ್ಧವಾದರೆ ಪೆಸಿಫಿಕ್ಕಿನ ದ್ವೀಪಗಳನ್ನು ಹೇಗೆ ಹಿಡಿಯಬೇಕು, ಹಿಡಿದುದನ್ನು ಹೇಗೆ ಕಾಯಬೇಕು ಎಂಬುದನ್ನು ವಿವರವಾಗಿ ಬರೆದಿಟ್ಟಿದ್ದನು. ಇಪ್ಪತ್ತು ವರ್ಷಗಳ ತರುವಾಯ ಆ ಯುದ್ಧ ಬಂದಿತು. ವೇಕ್ ಎಂಬ ಪುಟ್ಟ ಹವಳದ್ವೀಪದಲ್ಲಿ ಸುಮಾರು 450 ಮಂದಿ ಮರೀನರು ತೀರರಕ್ಷಣೆಯ ಫಿರಂಗಿಗಳೊಡನೆ ಕಾದಿದ್ದರು. 1941ರ ಡಿಸೆಂಬರ್ 11ರಂದು ಜಪಾನೀ ನೌಕಾಪಡೆ ದ್ವೀಪವನ್ನು ಮುತ್ತಿದಾಗ, ಹಡಗುಗಳು ಹತ್ತಿರ ಬರುವವರೆಗೆ ಅವರು ಉಸಿರು ಬಿಗಿಹಿಡಿದು ಕುಳಿತಿದ್ದು, ಅನಂತರ ಗುಂಡು ಹಾರಿಸಿದರು. ಹಯಾತೆ ಎಂಬ ನಾಶಕನೌಕೆ ಮುಳುಗಿತು. ದ್ವೀಪದಲ್ಲಿ ಅಳಿದುಳಿದಿದ್ದ ವಿಮಾನಗಳು ಇನ್ನೊಂದನ್ನು ಮುಳುಗಿಸಿದವು. ಮುತ್ತಿಗೆ ಹಾಕಿದವರು ಹಿಂದಿರುಗಿದರು. ದಡದ ಮೇಲೆ ನಿಂತ ಕೆಲವೇ ಮಂದಿ ನೌಕಾಪಡೆಯೊಂದನ್ನು ತಡೆಯಬಲ್ಲರೆಂಬುದಕ್ಕೆ ಬರ್ಗರ್ ಅವರ ಪಕ್ಷದವರಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಡಿಸೆಂಬರ್ 23ರಂದು ಜಪಾನೀಯರು ಹೆಚ್ಚಿನ ಬಲದೊಡನೆ ಮರಳಿ ಬಂದರು. ನೆರವಿಗೆಂದು ಹೊರಟಿದ್ದ ಅಮೆರಿಕದ ನೌಕಾಪಡೆಯನ್ನು ನಡುದಾರಿಯಿಂದಲೇ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ವೇಕ್ ಶರಣಾಯಿತು. ದ್ವೀಪದಲ್ಲಿ ಕುಳಿತವನ ಆಯುಧ ಎಷ್ಟೇ ಹರಿತವಾಗಿರಲಿ, ಅವನಿಗೆ ಅನ್ನವನ್ನೂ ಮದ್ದುಗುಂಡನ್ನೂ ಹೊತ್ತು ತರುವ ಹಡಗು ಬರುವಷ್ಟು ದಿನ ಮಾತ್ರವೇ ಅವನ ಬಾಳು.

ಯೋಜನೆಯನ್ನು ವಿರೋಧಿಸಿದವರು ಸಾಮಾನ್ಯರಲ್ಲ. ನಿವೃತ್ತರಾದ ಸೇನಾಪತಿಗಳು ಹಾಲಿ ದಳಪತಿಯ ನಿರ್ಧಾರವನ್ನು ಬಹಿರಂಗವಾಗಿ ಟೀಕಿಸುವುದು ಮರೀನ್ ದಳದ ಸಂಪ್ರದಾಯವಲ್ಲ. ಆ ಸಂಪ್ರದಾಯ ಈಗ ಮುರಿಯಿತು. 22 ಮಂದಿ ನಿವೃತ್ತ ಜನರಲ್‌ಗಳು ತಮ್ಮ ಕಳವಳವನ್ನು ಖಾಸಗಿ ಪತ್ರವೊಂದರಲ್ಲಿ ತಿಳಿಸಿದರು. ವಿಯೆಟ್ನಾಮಿನಲ್ಲಿ ಹೋರಾಡಿ, ಮುಂದೆ ನೌಕಾ ಕಾರ್ಯದರ್ಶಿಯೂ ಸೆನೆಟರೂ ಆಗಿದ್ದ ಜೇಮ್ಸ್ ವೆಬ್ ಅವರು 2022ರ ಮಾರ್ಚಿನಲ್ಲಿ ಪತ್ರಿಕೆಯಲ್ಲಿ ಬರೆದು ವಿಷಯವನ್ನು ಜನರ ಮುಂದಿಟ್ಟರು. ಮಾಜಿ ದಳಪತಿ ಚಾರ್ಲ್ಸ್ ಕ್ರೂಲಾಕ್, ಜನರಲ್ ಆಂಥನಿ ಝಿನ್ನಿ ಮೊದಲಾದವರು ಅವರೊಡನೆ ದನಿಗೂಡಿಸಿದರು. ಇವರಲ್ಲಿ ಪಾಲ್ ವ್ಯಾನ್ ರೈಪರ್ ಅವರ ಹೆಸರು ವಿಶೇಷವಾಗಿ ಗಮನಿಸತಕ್ಕದ್ದು. 2002ರಲ್ಲಿ ನಡೆದ ದೊಡ್ಡ ಅಣಕು ಯುದ್ಧವೊಂದರಲ್ಲಿ ಅವರು ಶತ್ರುಪಕ್ಷದ ನಾಯಕರಾಗಿ, ತೀರದಿಂದ ಕ್ಷಿಪಣಿಗಳ ಮಳೆಗರೆದು, ಸಣ್ಣ ದೋಣಿಗಳನ್ನು ಬಿಟ್ಟು, ಅಮೆರಿಕದ 16 ನೌಕೆಗಳನ್ನು ಕಾಗದದ ಮೇಲೆ ಮುಳುಗಿಸಿಬಿಟ್ಟಿದ್ದರು. ಕ್ಷಿಪಣಿಯ ಮಹಿಮೆಯನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅಂಥವರೇ ಟ್ಯಾಂಕನ್ನು ಬಿಡಬೇಡಿ ಎಂದಾಗ, ಇದು ಹಳಬರ ಹಳಹಳಿಕೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಅವರ ಆಕ್ಷೇಪದ ತಿರುಳು ಇಷ್ಟು: ಕ್ಷಿಪಣಿ ನಾಶಮಾಡಬಲ್ಲದು, ನೆಲವನ್ನು ಹಿಡಿದು ನಿಲ್ಲಲಾರದು. 1968ರಲ್ಲಿ ವಿಯೆಟ್ನಾಮಿನ ಹ್ಯುಯೆ ನಗರದಲ್ಲಿ, 2004ರ ನವೆಂಬರಿನಲ್ಲಿ ಇರಾಕಿನ ಫಲೂಜಾದಲ್ಲಿ, ಮರೀನರು ಮನೆಮನೆಯನ್ನೂ ಹೊಕ್ಕು ಹೋರಾಡಬೇಕಾಯಿತು. ಗೋಡೆಯ ಮರೆಯಿಂದ ಗುಂಡಿನ ಸುರಿಮಳೆಯಾಗುತ್ತಿರುವಾಗ ಕಾಲಾಳಿಗೆ ಬೇಕಾದುದು ನೂರಾರು ಕಿಲೋಮೀಟರು ಹಾರುವ ಅಸ್ತ್ರವಲ್ಲ. ಬೀದಿಯಲ್ಲಿ ತನ್ನ ಪಕ್ಕದಲ್ಲಿಯೇ ಉರುಳುತ್ತ, ಆ ಗೋಡೆಯನ್ನು ಕೆಡವಿ, ಗಾಯಗೊಂಡವನಿಗೆ ಮರೆಯಾಗಿ ನಿಲ್ಲುವ ಉಕ್ಕಿನ ಆಸರೆ ಬೇಕು. ಇಂತಹ ಸನ್ನಿವೇಶ ಬಂದರೆ ಭೂಸೇನೆಯಿಂದ ಟ್ಯಾಂಕುಗಳನ್ನು ಎರವಲು ಪಡೆಯಬಹುದು ಎಂಬುದು ಯೋಜನೆಯ ಪರವಾದವರ ಸಮಾಧಾನ. ಈ ಸಮಾಧಾನ ಅಷ್ಟು ಗಟ್ಟಿಯಾದುದಲ್ಲ. ಎತ್ತನ್ನು ನೆರೆಮನೆಯಿಂದ ಎರವಲು ತರಬಹುದು. ಆದರೆ ಆ ಎತ್ತಿಗೆ ತನ್ನ ಹೊಲದ ಸಾಲು ಗೊತ್ತಿರಬೇಕಷ್ಟೆ. ಟ್ಯಾಂಕಿನವರೂ ಕಾಲಾಳುಗಳೂ ವರ್ಷಗಟ್ಟಲೆ ಒಟ್ಟಿಗೆ ಪಳಗಿದ್ದರೆ ಮಾತ್ರ ಹೊಗೆ ಧೂಳುಗಳ ನಡುವೆ ಒಬ್ಬರ ಸನ್ನೆ ಇನ್ನೊಬ್ಬರಿಗೆ ತಿಳಿದೀತು.

ವಿವಾದ ಕಾವೇರಿದ್ದ ಹೊತ್ತಿನಲ್ಲಿಯೇ, 2022ರ ಫೆಬ್ರವರಿಯಲ್ಲಿ, ರಷ್ಯವು ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಕಾಲಾಳುಗಳ ಹೆಗಲ ಮೇಲಿನ ಸಣ್ಣ ಕ್ಷಿಪಣಿಗಳಿಗೆ ರಷ್ಯದ ಟ್ಯಾಂಕುಗಳು ಸಾಲುಸಾಲಾಗಿ ಸುಟ್ಟುಹೋದವು. ಏಪ್ರಿಲ್ 14ರಂದು ರಷ್ಯದ ಕಪ್ಪುಸಮುದ್ರ ನೌಕಾಪಡೆಯ ಧ್ವಜನೌಕೆಯಾದ ಮಾಸ್ಕ್ವ, ದಡದಿಂದ ಹಾರಿದ ಉಕ್ರೇನಿನ ಕ್ಷಿಪಣಿಗಳ ಪೆಟ್ಟಿನಿಂದ ಮುಳುಗಿತು. ಬರ್ಗರ್ ಅವರ ಮಾತು ನಿಜವಾಯಿತೆಂದು ಹಲವರು ಹೇಳಿದರು. ಆದರೆ ಅದೇ ಉಕ್ರೇನ್ ಮಿತ್ರರಾಷ್ಟ್ರಗಳನ್ನು ಬೇಡಿಕೊಂಡುದಾದರೂ ಏನನ್ನು? ಟ್ಯಾಂಕುಗಳನ್ನೇ. 2023ರ ಜನವರಿಯಲ್ಲಿ ಅಮೆರಿಕವು 31 ಆಬ್ರಾಮ್ಸ್ ಟ್ಯಾಂಕುಗಳನ್ನು ಕೊಡಲೊಪ್ಪಿತು. ಅದೇ ವರ್ಷದ ಕೊನೆಗೆ ಯೆಮನಿನ ಹೌತಿಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಕ್ಷಿಪಣಿ ಎಸೆಯತೊಡಗಿದಾಗ ವ್ಯಾಪಾರದ ಹಡಗುಗಳು ದಾರಿ ಬದಲಿಸಿದವು. ಅಮೆರಿಕದ ಯುದ್ಧನೌಕೆಗಳು ಮಾತ್ರ ಆ ಕ್ಷಿಪಣಿಗಳಲ್ಲಿ ಅನೇಕವನ್ನು ಆಕಾಶದಲ್ಲಿಯೇ ಹೊಡೆದುರುಳಿಸಿದವು. ಒಂದೇ ಯುದ್ಧದಿಂದ ಎರಡು ಪಕ್ಷದವರೂ ತಮಗೆ ಬೇಕಾದ ಪಾಠವನ್ನು ಆರಿಸಿಕೊಳ್ಳುವುದು ಹೊಸ ಸಂಗತಿಯೇನಲ್ಲ.

ಹಾಗಾದರೆ ಬರ್ಗರ್ ಅವರು ಎಡವಿದರೇ? ದ್ವೀಪಗಳ ಯುದ್ಧವನ್ನೇ ಗುರಿಯಾಗಿಟ್ಟುಕೊಂಡರೆ, ಟ್ಯಾಂಕನ್ನು ಬಿಟ್ಟುದು ತಪ್ಪೆನ್ನಲಾಗದು. ಎಲ್ಲ ಆಯುಧಗಳನ್ನೂ ಎಲ್ಲ ಕಾಲಕ್ಕೂ ಹೊತ್ತು ತಿರುಗುವ ಪಡೆ ಯಾವುದಕ್ಕೂ ಸಕಾಲದಲ್ಲಿ ತಲಪಲಾರದು. ತಪ್ಪಿದ್ದರೆ ಅದು ಬಿಟ್ಟ ಹೊತ್ತಿನಲ್ಲಿದೆ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವರನ್ನು ಕುರಿತು ಗಾದೆಯುಂಟು. ಇಲ್ಲಿ ಹೊಳೆ ದಾಟುವ ಮುನ್ನವೇ ಅಂಬಿಗನನ್ನು ಕಳುಹಿಸಿದಂತಾಯಿತು. ಟ್ಯಾಂಕುಗಳು ಒಂದೆರಡು ವರ್ಷಗಳಲ್ಲಿ ಹೋಗಿಬಿಟ್ಟವು. ಅವನ್ನು ನಡೆಸುತ್ತಿದ್ದವರು ಬೇರೆ ಕೆಲಸ ಕಲಿತರು, ಇಲ್ಲವೆ ದಳವನ್ನು ಬಿಟ್ಟರು. ಹೊಸ ಕ್ಷಿಪಣಿಗಳಾದರೋ ನಿಧಾನವಾಗಿ, ಒಂದೊಂದಾಗಿ ಬಂದವು. ದ್ವೀಪದಿಂದ ದ್ವೀಪಕ್ಕೆ ಸಾಗಿಸಬೇಕಾದ ಮಧ್ಯಮ ಗಾತ್ರದ ನೌಕೆಗಳ ನಿರ್ಮಾಣ ಬೆಲೆಯ ಜಗ್ಗಾಟದಲ್ಲಿ ಹಿಂದೆ ಬಿದ್ದಿತು. ಇದ್ದ ದೊಡ್ಡ ನೌಕೆಗಳ ಸ್ಥಿತಿಯೂ ಹೇಳಿಕೊಳ್ಳುವಂತಿರಲಿಲ್ಲ: 32 ನೌಕೆಗಳಲ್ಲಿ ಅರ್ಧದಷ್ಟು ಸರಿಯಾದ ಸ್ಥಿತಿಯಲ್ಲಿಲ್ಲವೆಂದು 2024ರ ಡಿಸೆಂಬರಿನಲ್ಲಿ ಆ ದೇಶದ ಸರ್ಕಾರಿ ಲೆಕ್ಕಪರಿಶೋಧಕರೇ ವರದಿಮಾಡಿದರು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಅಂತಃಕಲಹ ಹೊತ್ತಿ ಅಮೆರಿಕದ ಪ್ರಜೆಗಳನ್ನು ಹೊರತರಬೇಕಾದಾಗ, ಮರೀನರನ್ನು ಹೊತ್ತ ನೌಕೆಗಳು ಆ ಕಡಲಿನ ಸಮೀಪದಲ್ಲಿರಲಿಲ್ಲ. ಬರ್ಗರ್ ಅವರೇ ಸಂಸತ್ತಿನ ಮುಂದೆ ಈ ಕೊರತೆಗಾಗಿ ವಿಷಾದ ಸೂಚಿಸಿದರು. ದೇಶ ಸಿದ್ಧವಿಲ್ಲದಾಗ ಸಿದ್ಧವಾಗಿರಬೇಕಾದ ಪಡೆ, ತಾನೇ ಸಿದ್ಧತೆಯ ನಡುದಾರಿಯಲ್ಲಿ ಸಿಕ್ಕಿಕೊಂಡಿತ್ತು.

ಇನ್ನೊಂದು ಸಂಗತಿ ಈ ಚರ್ಚೆಯಲ್ಲಿ ಸಾಕಷ್ಟು ಕೇಳಿಬರುವುದಿಲ್ಲ. ಕ್ಷಿಪಣಿ ಹೂಡಬೇಕಾದ ದ್ವೀಪಗಳು ಅಮೆರಿಕದವಲ್ಲ, ಜಪಾನಿನವು, ಫಿಲಿಪ್ಪೀನ್ಸಿನವು. ಅಲ್ಲಿ ಮೀನು ಹಿಡಿದು ಬದುಕುವ ಜನರಿದ್ದಾರೆ. 1945ರಲ್ಲಿ ಪರರ ಯುದ್ಧಕ್ಕೆ ತಮ್ಮ ನೆಲವನ್ನು ತೆತ್ತ ಓಕಿನಾವದ ಜನ ಸೈನಿಕ ನೆಲೆಗಳ ವಿಷಯದಲ್ಲಿ ಇಂದಿಗೂ ಮುನಿಸಿಕೊಂಡೇ ಇದ್ದಾರೆ. ಅವರ ಸರ್ಕಾರಗಳು ಬೇಡವೆಂದರೆ ಇಡೀ ಯೋಜನೆಗೆ ಕಾಲೂರಲು ನೆಲವೇ ಇಲ್ಲ.

ಕೆಲವು ತಿದ್ದುಪಡಿಗಳು ಆಗಲೇ ನಡೆದಿವೆ. ಐದಕ್ಕೆ ಇಳಿಸಬೇಕೆಂದಿದ್ದ ಫಿರಂಗಿ ಬ್ಯಾಟರಿಗಳ ಸಂಖ್ಯೆಯನ್ನು ಏಳಕ್ಕೆ ಏರಿಸಿದರು. ಕಡಲಿನಿಂದ ಇಳಿಯುವ ಪಡೆಗಳಿಗೆ ಕನಿಷ್ಠ 31 ನೌಕೆಗಳಿರಬೇಕೆಂದು 2022ರ ಡಿಸೆಂಬರಿನಲ್ಲಿ ಕಾನೂನಾಯಿತು. 2023ರಲ್ಲಿ ಬರ್ಗರ್ ಅವರು ನಿವೃತ್ತರಾಗಿ ಜನರಲ್ ಎರಿಕ್ ಸ್ಮಿತ್ ಅವರು ದಳಪತಿಯಾದರೂ ದಾರಿ ಬದಲಾಗಲಿಲ್ಲ; ಟ್ಯಾಂಕುಗಳು ಮರಳಿ ಬರಲಿಲ್ಲ. 2025ರ ಏಪ್ರಿಲಿನಲ್ಲಿ ಫಿಲಿಪ್ಪೀನ್ಸಿನೊಡನೆ ನಡೆದ ಜಂಟಿ ಸಮರಾಭ್ಯಾಸದಲ್ಲಿ ಮರೀನರು ಕ್ಷಿಪಣಿ ಹೊತ್ತ ತಮ್ಮ ಸಣ್ಣ ವಾಹನವನ್ನು ಬಟಾನೆಸ್ ದ್ವೀಪಗಳಿಗೆ ಒಯ್ದರು. ಅಲ್ಲಿಂದ ತೈವಾನಿನ ದಕ್ಷಿಣ ತುದಿಗೆ 200 ಕಿಲೋಮೀಟರಿನ ಆಸುಪಾಸು ದೂರ. ನಡುವಣ ಜಲಮಾರ್ಗ ಆ ಕ್ಷಿಪಣಿಯ ಅಳವಿಗೆ ಸಿಗುತ್ತದೆ. ಅದಕ್ಕೆಂದು ಗೊತ್ತುಮಾಡಿದ್ದ ಹೊಸ ನೌಕೆಗಳಲ್ಲಿ ಒಂದೂ ಆಗ ಸಿದ್ಧವಾಗಿರಲಿಲ್ಲ. ವಾಹನವು ವಿಮಾನದಲ್ಲಿ ಬಂದಿಳಿಯಿತು.