ಶಿಶುಪಾಲಗಢದ ಮಣ್ಣಿನ ಪ್ರಾಕಾರ

ಪುರಿಯ ಜಗನ್ನಾಥನ ದರ್ಶನಕ್ಕೆಂದು ಹೊರಟು, ನಡುವೆ ಭುವನೇಶ್ವರದ ಲಿಂಗರಾಜನಿಗೂ ಕೈಮುಗಿದು ಬರುವ ನಮ್ಮ ಕಡೆಯ ಯಾತ್ರಿಕರಲ್ಲಿ, ಅದೇ ನಗರದ ಅಂಚಿನಲ್ಲಿ ಎರಡು ಸಹಸ್ರ ವರ್ಷಗಳಿಗೂ ಹಿಂದಿನ ಮಹಾಪಟ್ಟಣವೊಂದರ ಕೋಟೆಯಿದೆಯೆಂಬುದನ್ನು ಬಲ್ಲವರು ವಿರಳ. ಬಲ್ಲವರು ಹೋಗಿ ನೋಡಿದರೂ ಅವರ ಕಣ್ಣಿಗೆ ಬೀಳುವುದು ಹುಲ್ಲು ಬೆಳೆದ ನೀಳವಾದ ದಿಬ್ಬವೇ ಹೊರತು ಕೋಟೆಯಲ್ಲ. ಶಿಶುಪಾಲಗಢದ ಇಂದಿನ ದುರವಸ್ಥೆಗೆ ಅರ್ಧ ಕಾರಣ ಈ ದೃಷ್ಟಿದೋಷವೆಂದೇ ನನ್ನ ಭಾವನೆ.

ಒಂದೊಂದು ಪಾರ್ಶ್ವವೂ ಕಿಲೋಮೀಟರಿಗೆ ಮಿಗಿಲಾಗಿ, ಪಾರ್ಶ್ವಕ್ಕೆ ಎರಡರಂತೆ ಎಂಟು ಹೆಬ್ಬಾಗಿಲುಗಳುಳ್ಳ ಈ ಚತುರಸ್ರ ನಗರವನ್ನು, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿದ ಮರುವರ್ಷ, ಅಂದರೆ 1948ರಲ್ಲಿ, ಬಿ. ಬಿ. ಲಾಲ್ ಅವರು ಅಗೆಯಿಸಿದರು. ಪ್ರಾಕಾರವನ್ನು ಅಡ್ಡಲಾಗಿ ಸೀಳಿ ನೋಡಿದಾಗ ತಳದಲ್ಲಿ ನೂರಡಿಗೂ ಹೆಚ್ಚು ಅಗಲವಾದ ಜೇಡಿಮಣ್ಣಿನ ಒಡ್ಡು, ಅದರ ಮೇಲೆ ಜಂಬಿಟ್ಟಿಗೆಯ ಗರಸಿನ ಹೊದಿಕೆ, ಆ ಬಳಿಕದ ಕಾಲದಲ್ಲಿ ಎಬ್ಬಿಸಿದ ಜೋಡಿ ಇಟ್ಟಿಗೆಗೋಡೆಗಳು, ಹೀಗೆ ತಲೆಮಾರುಗಳ ಭಯವೂ ಐಶ್ವರ್ಯವೂ ಪದರಪದರವಾಗಿ ಗೋಚರಿಸಿದವು. ಬಿರುಗಾಳಿಗೆ ಸಿಲುಕಿ ಕೆಟ್ಟ ಕಳಿಂಗನಗರಿಯ ಬಾಗಿಲು ಗೋಡೆಗಳನ್ನು ತಾನು ಪಟ್ಟವೇರಿದ ಮೊದಲ ವರ್ಷದಲ್ಲಿಯೇ ದುರಸ್ತಿ ಮಾಡಿಸಿದೆನೆಂದು ಕಳಿಂಗದ ಅರಸ ಖಾರವೇಲನು ಹಾಥಿಗುಂಫಾ ಶಾಸನದಲ್ಲಿ ಹೇಳಿಕೊಂಡಿರುವನಷ್ಟೆ; ಆ ನಗರಿ ಇದೇ ಇರಬೇಕೆಂದು ಲಾಲ್ ಅವರು ಊಹಿಸಿದರು. ಆ ಊಹೆಯನ್ನು ಒಪ್ಪದವರೂ ಉಂಟು. ಪ್ರಸಕ್ತ ಶತಮಾನದ ಆದಿಯಲ್ಲಿ ಆರ್. ಕೆ. ಮೊಹಂತಿ ಮತ್ತು ಮೋನಿಕಾ ಸ್ಮಿತ್ ಅವರು ಅದೇ ನೆಲವನ್ನು ಮತ್ತೆ ಅಗೆದು ಹೊಸ ಪ್ರಶ್ನೆಗಳನ್ನು ಕೇಳಲು ಸಾಧ್ಯವಾದುದು, ಕೇಳುವುದಕ್ಕೆ ದಿಬ್ಬವಿನ್ನೂ ಉಳಿದಿದ್ದುದರಿಂದ.

ಶ್ರೀಶೈಲದ ಜಲಾಶಯದಲ್ಲಿ ಮುಳುಗಲಿದ್ದ ಕೂಡವೆಲ್ಲಿಯ ಸಂಗಮೇಶ್ವರ ದೇಗುಲವನ್ನು ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಪುನಃ ಕಟ್ಟಿದರು. ಮಣ್ಣಿನ ಕೋಟೆಗೆ ಆ ಭಾಗ್ಯವಿಲ್ಲ. ಅದರ ಸಾಕ್ಷ್ಯವೆಲ್ಲ ಯಾವ ಪದರ ಯಾವುದರ ಮೇಲಿದೆಯೆಂಬ ಕ್ರಮದಲ್ಲಿಯೇ ಅಡಗಿರುವುದರಿಂದ, ನಿವೇಶನ ತುಂಬಿಸುವುದಕ್ಕೆಂದು ಟ್ರ್ಯಾಕ್ಟರಿಗೆ ಹೇರಿದ ಮರುಕ್ಷಣವೇ ಅದು ಬರಿಯ ಮಣ್ಣಾಗುತ್ತದೆ. ಶಿಲಾಪ್ರತಿಮೆಯ ಮೂಗು ಮುರಿದರೆ ಪತ್ರಿಕೆಗಳಿಗೆ ಓಲೆ ಬರೆಯುವ ನಾವು, ದಿಬ್ಬ ಕರಗಿದರೆ ನೆಲ ಸಮವಾಯಿತೆಂದು ಸಂತೋಷಪಡುವೆವೋ ಏನೋ!

ಕಾಯಿದೆಯ ಕೊರತೆಯೇನೂ ಇಲ್ಲ. ಪ್ರಾಚೀನ ಸ್ಮಾರಕಗಳ ರಕ್ಷಣೆಗೆ 1958ರ ಕಾಯಿದೆಯಿದೆ, ಸಂರಕ್ಷಿತ ಎಲ್ಲೆಯಿಂದ ನೂರು ಮೀಟರಿನೊಳಗೆ ಕಟ್ಟಡವನ್ನು ನಿಷೇಧಿಸಿದ 2010ರ ತಿದ್ದುಪಡಿಯೂ ಇದೆ. ಆದರೆ ಕೋಟೆಯೊಳಗಿನ ನೆಲದ ಬಹುಭಾಗ ಖಾಸಗಿಯವರದು, ಮನೆಗಳು ಏಳುತ್ತಲೇ ಇವೆ. ಬೆಳೆಯುವ ರಾಜಧಾನಿಯ ಮಗ್ಗುಲಲ್ಲಿ ಪಿತ್ರಾರ್ಜಿತ ಜಮೀನಿದ್ದವನಿಗೆ, ಮಾರಬೇಡ, ಕಟ್ಟಬೇಡ ಎಂದಷ್ಟೇ ಹೇಳಿ ಪರಿಹಾರದ ಮಾತೆತ್ತದಿರುವುದು ನ್ಯಾಯವೂ ಅಲ್ಲ, ಫಲಕಾರಿಯೂ ಅಲ್ಲ. ಇಡೀ ಪಟ್ಟಣವನ್ನು ಸರ್ಕಾರ ಕೊಳ್ಳಲಾರದು. ಪ್ರಾಕಾರದ ಪಟ್ಟಿಯನ್ನೂ ಅದರ ಹೊರಗಿನ ಕಂದಕವನ್ನೂ ಮಾತ್ರ ಅಳೆದು, ತಕ್ಕ ಬೆಲೆ ಕೊಟ್ಟು ಕೊಂಡು, ಕಂದಾಯ ದಾಖಲೆಯಲ್ಲಿ ಕೋಟೆಯೆಂದೇ ನಮೂದಿಸಬಹುದು. ಪಶ್ಚಿಮದ ಹೆಬ್ಬಾಗಿಲಿನ ಇಕ್ಕೆಲದಿಂದ ಈ ಕೆಲಸ ಮೊದಲಾಗಲಿ. ಒಳಗಿನ ಗದ್ದೆಗಳ ವಿಚಾರವನ್ನು ಆಮೇಲೆ ನೋಡಿಕೊಳ್ಳಬಹುದು.