ಮೂಲೆ ಮಳಿಗೆ ಸಾಕು ಕಣೇ

ಈ ಸಲದ ಮೇಳದಲ್ಲಿ ನಾಲ್ಕು ಕಡೆಯೂ ತೆರೆದಿರೋ ಮಳಿಗೇನೇ ಹಿಡಿಯೋಣ ಅಂತ ನನ್ನ ಓರಗಿತ್ತಿ ಹಟ ಹಿಡಿದಿದ್ದಾಳೆ. ಅದಕ್ಕೆ ನಮ್ಮ ಚೀಟಿ ದುಡ್ಡು ಪೂರ್ತಿ ಬೇಕು. ಆ ದುಡ್ಡು ಮಾವನವರ ಕಣ್ಣಿನ ಪೊರೆ ತೆಗೆಸೋಕೆ ಅಂತ ಎತ್ತಿಟ್ಟಿದ್ದು. ನಾನು ಬೇಡ ಅಂತಿದೀನಿ. ಜಿಪುಣಿ ಅಂದ್ರೂ ಸರಿ.

ರಾಮಕೃಷ್ಣನಗರದ ನಮ್ಮನೆ ತಾರಸಿ ಮೇಲೆ ಒಣಗೋ ಹಪ್ಪಳ, ಅರಳು ಸಂಡಿಗೆ, ಜೊತೆಗೆ ಚಟ್ನಿಪುಡಿ, ಹುಳಿಪುಡಿ. ಇಷ್ಟೇ ನಮ್ಮ ವ್ಯಾಪಾರ. ನಿಲ್ಲೋರು ನಾವಿಬ್ಬರೇ.

ಮೊದಲ ಸಲ ಸಾಲಿನ ನಡುವೆ ಸಿಕ್ಕಿತ್ತು. ಹತ್ತಡಿಗೆ ಹತ್ತಡಿ, ಮೂರು ಕಡೆ ಗೋಡೆ, ಒಂದೇ ಕಡೆ ಬಾಯಿ. ಅವರು ಕೊಟ್ಟ ಮೇಜನ್ನ ಆ ಬಾಯಿಗೇ ಅಡ್ಡ ಹಾಕಿ, ಹಿಂದೆ ಕುರ್ಚಿ ಎಳ್ಕೊಂಡು ಬ್ಯಾಂಕಿನ ಗುಮಾಸ್ತರ ಹಾಗೆ ಕೂತ್ವಿ. ಜನ ಬಂದ್ರು, ಬೋರ್ಡು ಓದಿದ್ರು, ಹೋದ್ರು. ಎರಡು ದಿನ ಬಾಡಿಗೇನೂ ಹುಟ್ಟಲಿಲ್ಲ. ಮೂರನೇ ದಿನ ಮೇಜನ್ನ ಪಕ್ಕದ ಗೋಡೆಗೆ ಒತ್ತಿ, ನಾವು ಎದ್ದು ನಿಂತ್ವಿ. ಜನ ಒಳಗೆ ಕಾಲಿಟ್ರು. ಕಾಲಿಟ್ಟವರು ಚಟ್ನಿಪುಡಿ ಬಾಯಿಗೆ ಹಾಕ್ಕೊಂಡ್ರು. ಅಷ್ಟು ಹೊತ್ತೂ ಮಳಿಗೇನ ಬೈಕೊಂಡಿದ್ವಿ, ತಪ್ಪು ಮೇಜಿಂದು!

ಆಮೇಲೆ ದಸರೆಯಲ್ಲಿ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನಕ್ಕೆ ಹೋದಾಗ ಸಾಮಾನಿಗಿಂತ ಮಳಿಗೆಗಳನ್ನೇ ನೋಡ್ತಾ ಓಡಾಡಿದೆ. ಚಾಮರಾಜ ಒಡೆಯರ ಕಾಲದಲ್ಲಿ, 1880ರಲ್ಲಿ ಶುರುವಾದದ್ದಂತೆ ಅದು. ಅಲ್ಲಿ ಕಲಿಯೋಕೆ ಬೇಕಾದಷ್ಟಿದೆ. ನಾಲ್ಕು ಕಡೆ ತೆರೆದ ಮಳಿಗೆ ಕಾರು, ಸೋಫಾ ಮಾರೋರಿಗೆ ಚೆಂದ. ಸುತ್ತಿ ನೋಡೋ ಸಾಮಾನು, ಪ್ರತಿ ಕಡೆಗೂ ಒಬ್ಬ ಹುಡುಗ. ನಮಗೆ? ಬೋರ್ಡು ನೇತುಹಾಕೋಕೆ ಗೋಡೆ ಇಲ್ಲ, ಖಾಲಿ ಡಬ್ಬ ಬಚ್ಚಿಡೋಕೆ ಮರೆ ಇಲ್ಲ, ಒಬ್ಬರಿಗೆ ಚಿಲ್ಲರೆ ಕೊಡ್ತಿದ್ರೆ ಬೆನ್ನ ಹಿಂದೆ ಪೊಟ್ಟಣ ಮಾಯ. ಮೂರು ಕಡೆ ತೆರೆದದ್ದೂ ಅದರ ತಮ್ಮನೇ.

ಮೂಲೆ ಮಳಿಗೆ ಬೇರೆ. ಎರಡು ದಾರಿಯಿಂದ ಜನ ಬರ್ತಾರೆ, ಎರಡು ಗೋಡೆ ನಮಗೇ ಉಳಿಯತ್ತೆ. ಬಾಡಿಗೆ ಸಾಲಿಗಿಂತ ಕೊಂಚ ಜಾಸ್ತಿ, ಕೊಡಬಹುದು. ಆದ್ರೆ ತಿಂಡಿ ಅಂಗಡಿಗಳ ಆಚೆಗಿನ ಮೂಲೆ ಮಾತ್ರ ಬೇಡಪ್ಪ. ಹೊಟ್ಟೆ ತುಂಬಿದವರು ಹುಳಿಪುಡಿ ಮೂಸೂ ನೋಡಲ್ಲ.

"ದೂರದಿಂದ ಕಾಣಬೇಕಲ್ಲ ಅಕ್ಕ" ಅಂತಾಳೆ ಇವಳು. ಅದು ಸರಿ. ಅದಕ್ಕೆ ಹಿಂದಿನ ಗೋಡೆಗೆ ಬೊಂಬೆ ಕೂರಿಸೋ ಮೆಟ್ಟಿಲು ಇಡೋಣ, ಅಟ್ಟದ ಮೇಲೆ ಸುಮ್ನೆ ಬಿದ್ದಿದೆ. ಮೇಲಿನ ಮೆಟ್ಟಿಲಲ್ಲಿ ಸಂಡಿಗೆ ಗಾಜಿನ ಭರಣಿ, ಅದಕ್ಕೊಂದು ದೀಪ. ಕಾಣದೆ ಏನಾಗತ್ತೆ?

ನಿನ್ನೆ ಸಾಯಂಕಾಲ ತಾರಸಿ ಮೇಲೆ ಸೀಮೆಸುಣ್ಣದಲ್ಲಿ ಹತ್ತಡಿ ಚೌಕ ಬರೆದು ಅವಳನ್ನ ನಡುವೆ ನಿಲ್ಲಿಸಿದೆ. ಮಕ್ಕಳು ನಾಲ್ಕೂ ಕಡೆಯಿಂದ ಒಟ್ಟಿಗೇ ಬೆಲೆ ಕೇಳಿದ್ರು. ಎರಡು ಸುತ್ತು ತಿರುಗಿ, ನಕ್ಕು, ಕೆಳಗಿಳಿದು ಹೋದಳು. ಇನ್ನೂ ಹ್ಞೂಂ ಅಂದಿಲ್ಲ. ಅರ್ಜಿ ಕೊಡೋಕೆ ಶುಕ್ರವಾರ ಕಡೇ ದಿನ.