ಹಳೇ ಜಾವಾ ಓಡಿಸಿ, ಕತ್ತರಿಸಬೇಡಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕ್ ತಯಾರಿಕೆ ಶುರು ಮಾಡಿ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಹಳೇ ಜಾವಾ ನಿಮ್ಮ ಮನೆಯಲ್ಲಿದ್ದರೆ, ಅದನ್ನು ದಿನಾ ಓಡಿಸುವಂತೆ ಮಾಡಿಕೊಳ್ಳುವುದು ತಪ್ಪೇನಲ್ಲ. ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುವುದಕ್ಕಿಂತ ಅದೇ ಮೇಲು.

ಆದರೆ ಏನನ್ನು ಬದಲಿಸುತ್ತೀರಿ ಎಂಬುದು ಮುಖ್ಯ. 6 ವೋಲ್ಟಿನ ಮಂಕು ಹೆಡ್‌ಲೈಟಿನಲ್ಲಿ ರಾತ್ರಿ ಊರ ರಸ್ತೆಯ ಗುಂಡಿ ಕಾಣುವುದಿಲ್ಲ. 12 ವೋಲ್ಟಿಗೆ ಬದಲಿಸಿ. ಪಾಯಿಂಟ್ ಪದೇಪದೇ ಕೈಕೊಡುತ್ತಿದ್ದರೆ ಸಿಡಿಐ ಹಾಕಿಸಿ. ಬಿಚ್ಚಿದ ಸಾಮಾನನ್ನು ಗುಜರಿಗೆ ಹಾಕದೆ ಎತ್ತಿಡಿ, ಬೇಕಾದಾಗ ಮತ್ತೆ ಜೋಡಿಸಬಹುದು. ಚಾಸಿಸ್ ಕತ್ತರಿಸಿದರೆ ಮಾತ್ರ ಬೈಕ್ ಮೊದಲಿನಂತಾಗುವುದಿಲ್ಲ. ಅನುಮತಿಯಿಲ್ಲದೆ ಬೇರೆ ಎಂಜಿನ್ ಕೂರಿಸಲು ಕಾನೂನೂ ಒಪ್ಪುವುದಿಲ್ಲ.

ಇನ್ನೊಂದು ವಿಷಯ. 2021ರ ಕೇಂದ್ರ ನಿಯಮದಂತೆ, 50 ವರ್ಷ ದಾಟಿದ, ಚಾಸಿಸ್ ಮತ್ತು ಎಂಜಿನ್ ಮೂಲದಂತೆಯೇ ಇರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಹಾಗೆ ನೋಂದಾಯಿಸಿದ ಬೈಕನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸಂತೆಗೆ, ತೋಟಕ್ಕೆ ಅದರಲ್ಲೇ ಹೋಗುವವರಿಗೆ ಆ ನಂಬರ್ ಪ್ಲೇಟ್ ಬೇಡ. ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಳ್ಳಲಿ.

ಹಾಗಾಗಿ ಮೊದಲು ಆರ್‌ಸಿ ತೆಗೆದು ನೋಡಿ, ಆಮೇಲೆ ಮೆಕ್ಯಾನಿಕ್ ಹತ್ತಿರ ಹೋಗಿ.